ಮೇರುದ್ರವ ಪರೀಕ್ಷೆಯ ಫಲವನ್ನು ಓದುವ ಕ್ರಮ

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನದಲ್ಲಿ ಕಾಲನಿರ್ದೇಶವಿಲ್ಲ. 1936ರಲ್ಲಿ ಡಾ. ಎಂ. ಎಚ್. ಕೃಷ್ಣರು ಅದನ್ನು ಪ್ರಕಟಿಸಿದಂದಿನಿಂದ ವಿದ್ವಾಂಸರು ಲಿಪಿ, ಭಾಷೆ, ಅರಸನ ಹೆಸರು ಇವನ್ನೆಲ್ಲ ಒಂದಕ್ಕೊಂದು ತಾಳೆನೋಡಿಯೇ ಅದರ ಕಾಲವನ್ನು ಊಹಿಸಬೇಕಾಗಿದೆ. ಈ ಸಂಗತಿ ನನಗೆ ನೆನಪಾದುದು, ಅರಸೀಕೆರೆಯಲ್ಲಿ ಪರಿಚಿತರೊಬ್ಬರು ಮಗನ ಬೆನ್ನಿನ ನೀರನ್ನು ಪರೀಕ್ಷಿಸಿದ ಕಾಗದವನ್ನು ಮುಂದಿಟ್ಟು, “ಸಕ್ಕರೆ 42 ಎಂದಿದೆ, ಹುಡುಗ ಉಳಿಯುವನೆ, ಪಂಡಿತರೆ?” ಎಂದು ಕೇಳಿದಾಗ. ನಾನು ವೈದ್ಯನಲ್ಲ; ಅವರನ್ನು ವೈದ್ಯರ ಬಳಿಗೇ ಕಳುಹಿಸಿದೆನು. ಆದರೆ ಅಂತಹ ಅಂಕಿಗಳಿಗೆ ಅರ್ಥವು ಬಂದ ಬಗೆಯನ್ನು ವಿಚಾರಿಸದೆ ಇರಲಾಗಲಿಲ್ಲ.

ಸುಶ್ರುತಸಂಹಿತೆಯ ಮಸ್ತುಲುಂಗವೇ ಈ ದ್ರವವೆಂದು ನಮ್ಮವರಲ್ಲಿ ಕೆಲವರು ಹೇಳುವುದುಂಟು. ನನಗೆ ಅದು ಸಮ್ಮತವಲ್ಲ. ವ್ಯಾಖ್ಯಾನಕಾರರು ಅದನ್ನು ತಲೆಯೊಳಗಿನ ತುಪ್ಪದಂತಹ ಮಜ್ಜೆಯೆಂದಿರುವರು, ಮೇರುದ್ರವವಾದರೋ ತಿಳಿನೀರಿನಂತಿರುವುದು. ಮಿದುಳು, ಬೆನ್ನುಹುರಿಗಳ ಸುತ್ತಣ ಈ ದ್ರವವನ್ನು ಇಟಲಿಯ ಕೊತೂನ್ಯೊ 1764ರಲ್ಲಿ ವರ್ಣಿಸಿದನು. 1891ರಲ್ಲಿ ಜರ್ಮನಿಯ ಕೀಲ್ ನಗರದ ಕ್ವಿಂಕೆಯು ಸೊಂಟದ ಎಲುಬುಗಳ ನಡುವೆ ಸೂಜಿಯಿಟ್ಟು ಅದನ್ನು ಹೊರತೆಗೆಯುವ ವಿಧಾನವನ್ನು ಪ್ರಕಟಿಸಿದನು. 1912ರಲ್ಲಿ ಫ್ರಾನ್ಸಿನ ಮೆಸ್ತ್ರೆಜಾ ಅದರ ಘಟಕಗಳನ್ನು ಸವಿಸ್ತಾರವಾಗಿ ನಿರೂಪಿಸಿದನು.

ವಯಸ್ಕರ ದ್ರವದಲ್ಲಿ ಒಂದು ಘನ ಮಿಲಿಮೀಟರಿಗೆ ಬಿಳಿಯ ಕಣಗಳು ಐದನ್ನು ಮೀರವು. ಪ್ರೋಟೀನು 100 ಮಿಲಿಲೀಟರಿಗೆ ಸುಮಾರು 15ರಿಂದ 45 ಮಿಲಿಗ್ರಾಂ. ಸಕ್ಕರೆಯು ಅದೇ ವೇಳೆಯ ರಕ್ತದ ಸಕ್ಕರೆಯ ಸುಮಾರು ಮೂರರಲ್ಲಿ ಎರಡು ಪಾಲು. ಆದುದರಿಂದ ರಕ್ತದಲ್ಲಿ 65 ಇದ್ದರೆ ದ್ರವದ 42 ಸಹಜ. ರಕ್ತದಲ್ಲಿ 180 ಇದ್ದರೆ ಅದೇ 42 ಭಯಕಾರಣ. ಪೂತಿಜನ್ಯವಾದ ಮಿದುಳುಪೊರೆಯ ಉರಿಯೂತದಲ್ಲೂ ಕ್ಷಯಜನ್ಯದಲ್ಲೂ ಸಕ್ಕರೆ ತಗ್ಗಿ ಪ್ರೋಟೀನು ಏರುವುದು. ಮೊದಲನೆಯದರಲ್ಲಿ ಸಾಮಾನ್ಯವಾಗಿ ನ್ಯೂಟ್ರೋಫಿಲ್‌ಗಳೂ ಎರಡನೆಯದರಲ್ಲಿ ಲಿಂಫೋಸೈಟ್‌ಗಳೂ ಅಧಿಕ. ವೈರಸ್ಸಿನಿಂದಾದುದರಲ್ಲಿ ಲಿಂಫೋಸೈಟ್‌ಗಳು ಹೆಚ್ಚಿದರೂ ಸಕ್ಕರೆ ಬಹುಮಟ್ಟಿಗೆ ತಗ್ಗದು. ಶಾಸನಶಿಲೆಯಲ್ಲಿ ಉಳಿಯ ಗೆರೆಯನ್ನೂ ನೇಗಿಲಿನ ಗೀರನ್ನೂ ಬೇರೆ ಮಾಡುವಂತೆ ಇಲ್ಲಿ ರಕ್ತದ ವಿಚಾರವೂ ಒಂದುಂಟು: ಸೂಜಿ ತಾಗಿ ಬೆರೆತ ರಕ್ತವು ಒಂದರ ಮೇಲೊಂದು ನಳಿಗೆಯಲ್ಲಿ ತೆಳುವಾಗುತ್ತ ಹೋಗುವುದು, ಮಿದುಳಿನ ಸುತ್ತ ಮೊದಲೇ ಸೋರಿದುದು ಹಾಗೆ ತೆಳುವಾಗದು, ಕೆಲವು ಗಂಟೆಗಳು ಕಳೆದಿದ್ದರೆ ತಿಳಿಯೂ ಹಳದಿಯಾಗಿ ಕಾಣುವುದು.

ನಮ್ಮ ನಾಡಿನಲ್ಲಿ ಕೋಲಾರ ಜಿಲ್ಲೆಯು 1970ರ ದಶಕದ ಕೊನೆಯಲ್ಲಿ ಜಪಾನೀ ಮಿದುಳುಜ್ವರದಿಂದ ಬಾಧೆಪಟ್ಟಿತು. 1974ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯು ಈ ರೋಗದ ಅಧ್ಯಯನದಲ್ಲಿ ತೊಡಗಿತು. ಐಜಿಎಂ ಪ್ರತಿಕಾಯವು ಮಿದುಳಿಗೆ ರೋಗ ತಗುಲದ ಸೋಂಕಿನಿಂದಲೂ ಲಸಿಕೆಯಿಂದಲೂ ರಕ್ತದಲ್ಲಿ ತೋರಬಹುದು. ಮೇರುದ್ರವದಲ್ಲಿ ತೋರಿದುದೇ ಬಲವಾದ ಸಾಕ್ಷಿ.

ಅರಸೀಕೆರೆಯ ಆ ಕಾಗದದಲ್ಲಿ ರಕ್ತದ ಸಕ್ಕರೆಯ ಅಂಕಿಯೇ ಇರಲಿಲ್ಲ. ಅದು ತಂದೆಯು ಮನೆಯಲ್ಲಿ ಬಿಟ್ಟುಬಂದಿದ್ದ ಇನ್ನೊಂದು ಹಾಳೆಯಲ್ಲಿತ್ತು: 66.