ಮರದಡಿ ಇಸ್ಪೀಟು, ಫೋನಿನಲ್ಲಿ ಪೋಕರ್

ನಮ್ಮ ಕೇರಿಯ ಅರಳಿಮರದಡಿ ಇಸ್ಪೀಟ್ ಆಡ್ತಿದ್ದವರನ್ನ ಪೊಲೀಸರು ಎಳ್ಕೊಂಡು ಹೋಗೋದನ್ನ ನೋಡುತ್ತಲೇ ಬೆಳೆದವನು ನಾನು. ಅದೇ ಎಲೆ ಫೋನಿಗೆ ಬಂದಾಗ 'ಕೌಶಲದ ಆಟ' ಆಯ್ತು!

2021ರ ಅಕ್ಟೋಬರಿನಲ್ಲಿ ಕರ್ನಾಟಕ ಅದನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ತಂತು: ಆಡುವವನಿಗೆ ಶಿಕ್ಷೆಯಿಲ್ಲ, ನಡೆಸುವವನಿಗೆ 3 ವರ್ಷದವರೆಗೆ ಜೈಲು.

ಸರಿ, ಸೈಟಿನಲ್ಲಿಟ್ಟ ದುಡ್ಡು? ಅಮೆರಿಕ ನೋಡಿ. 2011ರ ಏಪ್ರಿಲ್ 15ರಂದು ಅಲ್ಲಿನ ಸರ್ಕಾರ ದೊಡ್ಡ ಪೋಕರ್ ಸೈಟುಗಳನ್ನು ಮುಚ್ಚಿಸಿತು. ಫುಲ್ ಟಿಲ್ಟ್ ಆಟಗಾರರಿಗೆ ಕೊಡಬೇಕಿದ್ದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು 6 ಕೋಟಿ ಅಂತ ಸರ್ಕಾರ ಕೋರ್ಟಿಗೆ ಹೇಳಿತು. ಆಟಗಾರರು ವರ್ಷಗಟ್ಟಲೆ ಕಾದರು.

ಪರದೆ ಮೇಲಿನ ಬ್ಯಾಲೆನ್ಸ್ ದುಡ್ಡಲ್ಲ ಗೆಳೆಯರೇ, ಬರೀ ಅಂಕಿ. ಬೆವರಿನ ಕೂಲಿ ಅಲ್ಲಿ ಹಾಕಬೇಡಿ. ಜೈ ಭೀಮ್.