ಹಲ್ಲಿನ ಸಂದಿಗೊಂದು ಏರಿ

ಹೆಸರಘಟ್ಟದ ಕೆರೆಯನ್ನು ನೀವು ಕಂಡಿರಬಹುದು. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಏರಿ ಕಟ್ಟಿದ್ದರಿಂದಲೇ ಅಲ್ಲಿ ನೀರು ನಿಂತು ಬೆಂಗಳೂರಿಗೆ ಬಂದಿತು. ಬಯಲಾದ ಬದಿಗೆ ಏರಿ ಬೇಕೆಂಬ ಈ ಮಾತು ಹಲ್ಲಿಗೂ ಸಲ್ಲುತ್ತದೆ.

ಹಲ್ಲಿನ ನೆತ್ತಿಯ ಕುಳಿಗೆ ಸುತ್ತಲೂ ಗೋಡೆಯುಂಟು, ತುಂಬುವುದು ಸುಲಭ. ಎರಡು ದವಡೆಹಲ್ಲುಗಳ ನಡುವಣ ಹುಳುಕಿಗಾದರೋ ಒಂದು ಬದಿ ಬಯಲು. ತುಂಬಿದ್ದು ಹೊರಚಾಚಿದರೆ ಒಸಡಿಗೆ ನೋವು. ಸಾಲದೆ ಹೋದರೆ ಅಗುಳು ಸಿಕ್ಕಿ ನೆರೆಹಲ್ಲಿಗೂ ಕೇಡು.

1871ರಲ್ಲಿ ಅಮೆರಿಕದ ದಂತವೈದ್ಯ ಲೂಯಿ ಜ್ಯಾಕ್ ಆ ಬದಿಗೆ ತೆಳುತಗಡನ್ನು ಗೋಡೆಯಾಗಿ ಒಡ್ಡಿದರು. 1908ರ ತಮ್ಮ ಗ್ರಂಥದಲ್ಲಿ ಜಿ. ವಿ. ಬ್ಲ್ಯಾಕ್ ಅವರು ಹುಳುಕುಗಳನ್ನು ವರ್ಗಗಳಾಗಿ ವಿಂಗಡಿಸಿ, ಇದನ್ನು ಎರಡನೆಯ ವರ್ಗದಲ್ಲಿಟ್ಟರು. ಆಮೇಲೆ ಟಾಫಲ್ಮೈರ್ ಅವರ ಹಿಡಿಕೆ ಬಂದಿತು: ತಿರುಪು ತಿರುವಿದರೆ ತಗಡಿನ ಪಟ್ಟಿ ಹಲ್ಲನ್ನು ಸುತ್ತಿ ಬಿಗಿಯುವುದು. ಆದರೂ ಪಟ್ಟಿ ತೆಗೆದೊಡನೆ ಅದರ ದಪ್ಪದಷ್ಟು ಸಂದು ಉಳಿಯಬೇಕಲ್ಲವೆ? ಅದಕ್ಕೇ ಬುಡದಲ್ಲಿ ಪುಟ್ಟ ಮರದ ಬೆಣೆ. ಅದು ಕೆಳಗಿನ ಸೋರಿಕೆಯನ್ನು ತಡೆದು, ಹಲ್ಲುಗಳನ್ನು ಕೂದಲೆಳೆಯಷ್ಟು ಅಗಲಿಸುತ್ತದೆ. ಬೆಣೆ ಕಿತ್ತೊಡನೆ ಅವು ಮರಳಿ ಕೂಡುತ್ತವೆ. ಈಚಿನ ಸ್ಪ್ರಿಂಗಿನ ಉಂಗುರಗಳೂ ಹೀಗೆಯೇ ಹಲ್ಲುಗಳನ್ನು ಅಗಲಿಸುತ್ತವೆ.

1958ರಲ್ಲಿ ಬೆಂಗಳೂರಿನಲ್ಲಿ ಸರಕಾರಿ ದಂತವೈದ್ಯ ಕಾಲೇಜು ತೆರೆಯಿತು. ಈ ವಿದ್ಯೆಯನ್ನು ಊರಲ್ಲೇ ಕಲಿಯುವಂತಾಯಿತು.

ಹುಳುಕು ತುಂಬಿಸಿಕೊಂಡ ಮೇಲೆ ಹಲ್ಲಿನ ನೂಲನ್ನು ಆ ಸಂದಿನಲ್ಲಿ ಹಾಯಿಸಿ ನೋಡಿ. ಬಿಗಿಯಾಗಿ ಹೊಕ್ಕು ಎಳೆ ಬಿಚ್ಚದೆ ಹೊರಬಂದರೆ, ನಿಮ್ಮ ವೈದ್ಯರು ಏರಿಯನ್ನು ನೆಟ್ಟಗೆ ಕಟ್ಟಿದ್ದರೆಂದು ತಿಳಿಯಿರಿ.