ಮೈಯರ್: ಹುದ್ದೆಯಿಂದ ಮನೆತನದ ಹೆಸರಿಗೆ

ಜರ್ಮನಿಯಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಮೊದಲ ಹತ್ತು ಮನೆತನದ ಹೆಸರುಗಳಲ್ಲಿ ಮೈಯರ್ ಒಂದು. ಇದನ್ನು ಹೊತ್ತವರೆಲ್ಲ ಒಬ್ಬ ಮೂಲಪುರುಷನ ಸಂತತಿ ಎಂಬ ನಂಬಿಕೆಗೆ ದಾಖಲೆಗಳ ಬೆಂಬಲವಿಲ್ಲ. ಈ ಹೆಸರು ಮೊದಲು ಹುದ್ದೆಗೆ, ಆಮೇಲೆ ಜಮೀನಿಗೆ, ಕೊನೆಗೆ ಕುಟುಂಬಕ್ಕೆ ಅಂಟಿಕೊಂಡಿತು ಎಂಬುದೇ ಈ ಲೇಖನದ ವಾದ.

ಲ್ಯಾಟಿನ್ನಿನ ‘ಮಾಯೊರ್’, ಅಂದರೆ ಹಿರಿಯ, ಇದರ ಮೂಲ. ಸುಮಾರು 800ರಲ್ಲಿ ಫ್ರಾಂಕ್ ಅರಸರ ಜಮೀನುಗಳಿಗಾಗಿ ರೂಪುಗೊಂಡ ‘ಕಪಿತುಲಾರೆ ದೆ ವಿಲ್ಲಿಸ್’ ಎಂಬ ಕಟ್ಟಳೆಯಲ್ಲಿ ಈ ಹೆಸರಿನ ಅಧಿಕಾರಿ, ಅಂದರೆ ಒಡೆಯನ ಪರವಾಗಿ ಜಮೀನು ನೋಡಿಕೊಳ್ಳುವ ಮೇಲ್ವಿಚಾರಕ, ಎದುರಾಗುತ್ತಾನೆ. ಒಂದು ದಿನದಲ್ಲಿ ಸುತ್ತಿ ನೋಡಲಾಗುವುದಕ್ಕಿಂತ ಹೆಚ್ಚಿನ ನೆಲ ಅವನ ಸುಪರ್ದಿಯಲ್ಲಿರಕೂಡದು. ಬಲಾಢ್ಯರನ್ನು ಬಿಟ್ಟು ಮಧ್ಯಮ ಸ್ಥಿತಿಯ ನಂಬಿಗಸ್ತರನ್ನೇ ಆ ಕೆಲಸಕ್ಕೆ ನೇಮಿಸಬೇಕು. ಈ ಎರಡು ವಿಧಿಗಳ ಹಿಂದಿದ್ದ ಆತಂಕ ಮುಂದೆ ನಿಜವಾಯಿತು. 12ನೇ ಶತಮಾನದ ಹೊತ್ತಿಗೆ ಮೇಲ್ವಿಚಾರಕರು ಹುದ್ದೆಯನ್ನು ವಂಶಪಾರಂಪರ್ಯ ಮಾಡಿಕೊಳ್ಳತೊಡಗಿದ್ದರು. ಮಠಗಳೂ ಒಡೆಯರೂ ಹಳೆಯ ವ್ಯವಸ್ಥೆಯನ್ನೇ ಮುರಿದು ಜಮೀನನ್ನು ಗೇಣಿಗೆ ಕೊಟ್ಟರು. ವಾಯವ್ಯ ಜರ್ಮನಿಯಲ್ಲಿ ಮೈಯರ್ ಎಂದರೆ ದೊಡ್ಡ ಹಿಡುವಳಿಯ ಗೇಣಿದಾರ ಎಂದಾಯಿತು. ಮನೆತನದ ಹೆಸರುಗಳು ನೆಲೆಯೂರಿದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಒಂದೇ ಸೀಮೆಯಲ್ಲಿ ಹಲವು ಮೈಯರರಿದ್ದಾಗ ಗುರುತಿಗೊಂದು ಪದ ಬೇಕಾಯಿತು: ಹೊಸ ಹಿಡುವಳಿಯವನು ನೀಮೈಯರ್, ಮೇಲಿನದರವನು ಓಬರ್‌ಮೈಯರ್.

ಬರವಣಿಗೆಯ ಭೇದಗಳನ್ನು ವಂಶಭೇದವೆಂದು ಭಾವಿಸುವವರು ಇಂದಿಗೂ ಇದ್ದಾರೆ. ರೋಮನ್ ಲಿಪಿಯಲ್ಲಿ ಉತ್ತರದವರು ‘ಇ-ವೈ’ ಬರೆದರೆ, ಬವೇರಿಯ, ಆಸ್ಟ್ರಿಯಗಳ ಲಿಪಿಕಾರರಿಗೆ ‘ಎ-ಐ’, ‘ಎ-ವೈ’ ರೂಢಿ. ಪಾದ್ರಿ ಬದಲಾದರೆ ಕಾಗುಣಿತವೂ ಬದಲಾಗುತ್ತಿತ್ತು. ಒಬ್ಬನ ದೀಕ್ಷಾಸ್ನಾನ ಒಂದು ರೂಪದಲ್ಲಿ, ಮದುವೆ ಇನ್ನೊಂದರಲ್ಲಿ ದಾಖಲಾಗುವುದು ಸಾಮಾನ್ಯ. 1876ರ ಜನವರಿಯಿಂದ ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ ಸರ್ಕಾರಿ ಜನನ-ಮರಣ ನೋಂದಣಿ ಜಾರಿಯಾದಾಗ ಆ ಗಳಿಗೆಯಲ್ಲಿ ಚಾಲ್ತಿಯಲ್ಲಿದ್ದ ರೂಪ ಕಾಯಂ ಆಯಿತು. ಅದನ್ನು ಪ್ರಾಚೀನ ಕುಲಚಿಹ್ನೆ ಎನ್ನಲು ಆಧಾರವಿಲ್ಲ.

ವಂಶಾವಳಿ ಬರೆಯುವವರಿಗೆ ನಿಜವಾದ ಸವಾಲು ವೆಸ್ಟ್‌ಫಾಲಿಯದ ಪದ್ಧತಿ. ಅಲ್ಲಿ ಹೆಸರು ಹಿಡುವಳಿಯದು. ಮೈಯರರ ಮನೆಯ ಮಗಳನ್ನೋ ವಿಧವೆಯನ್ನೋ ಮದುವೆಯಾಗಿ ಮನೆವಾಳ್ತನಕ್ಕೆ ಬಂದವನು ತಂದೆಯ ಹೆಸರು ಬಿಟ್ಟು ಮೈಯರನಾಗುತ್ತಿದ್ದ. ಚರ್ಚಿನ ಪುಸ್ತಕಗಳಲ್ಲಿ ಇಂಥವರ ಎರಡೂ ಹೆಸರುಗಳ ನಡುವೆ ‘ಗೆನಾಂಟ್’, ಅಂದರೆ ‘ಎಂದು ಕರೆಯಲ್ಪಡುವ’, ಎಂಬ ಪದ ಸಿಗುತ್ತದೆ. ಆ ಪದ ಕಂಡಲ್ಲಿ ಗಂಡುಸಂತತಿಯ ಎಳೆ ತುಂಡಾಗಿರಬಹುದು, ಹೆಸರಷ್ಟೇ ಮುಂದುವರಿದಿರುತ್ತದೆ. ಅಂಥ ಕಡೆ ದೀಕ್ಷಾಸ್ನಾನದ ಪಟ್ಟಿಯ ಜೊತೆಗೆ ಒಡೆಯರ ಗೇಣಿ ಲೆಕ್ಕವನ್ನೂ ಓದಲೇಬೇಕು.

ಯಹೂದಿ ಮೈಯರರ ಹಿನ್ನೆಲೆ ಬೇರೆ. ‘ಬೆಳಕು ನೀಡುವವನು’ ಎಂಬರ್ಥದ ಹೀಬ್ರೂ ಅಂಕಿತನಾಮ ಮೇಯಿರ್, ಉಚ್ಚಾರದ ಹೋಲಿಕೆಯಿಂದ ಜರ್ಮನ್ ಹೆಸರಿನೊಡನೆ ಬೆರೆಯಿತು. ಯಹೂದಿಗಳು ಸ್ಥಿರವಾದ ಮನೆತನದ ಹೆಸರು ಇಟ್ಟುಕೊಳ್ಳಬೇಕೆಂದು ಪ್ರಷ್ಯ 1812ರಲ್ಲಿ ಆಜ್ಞೆ ಹೊರಡಿಸಿದಾಗ ತಂದೆಯ ಅಂಕಿತನಾಮವನ್ನೇ ಉಳಿಸಿಕೊಂಡ ಕುಟುಂಬಗಳಿದ್ದವು. ಅವರ ಪೂರ್ವಜರನ್ನು ಮೇಲ್ವಿಚಾರಕರ ಸಾಲಿನಲ್ಲಿ ಹುಡುಕಿ ಪ್ರಯೋಜನವಿಲ್ಲ.